ಮಳೆಗಾಲಕ್ಕೆ ಮಾತ್ರ ಬರುತ್ತಿದ್ದ ನೇರಳೆ ಬಣ್ಣ

ನಮ್ಮ ಸರ್‌ಗೆ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಬಲಗಡೆಯದು ಎರಡು ಹುಬ್ಬಿನ ಪಾಲನ್ನೂ ತಾನೇ ತೆಗೆದುಕೊಂಡಂತೆ ದಪ್ಪಗೆ ಬೆಳೆದು, ಕೂದಲು ಕೆಳಗೆ ಬಾಗಿ ಕನ್ನಡಕದ ಅಂಚಿಗೆ ತಾಗುತ್ತಿತ್ತು. ಎಡಗಡೆ ಮಾತ್ರ ಚರ್ಮ ನುಣ್ಣಗೆ, ತುಸು ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಜಲಜನಕ ತಯಾರಿಸುವ ಗಾಜಿನ ಪಾತ್ರೆಯಿಂದ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಯಾವನೋ ವಿದ್ಯಾರ್ಥಿ ಅದರ ಬಾಯಿಗೆ ಬೆಂಕಿಕಡ್ಡಿ ಹಿಡಿದಿದ್ದನಂತೆ. ಅವನನ್ನು ಆಚೆ ದೂಡಲು ಹೋದ ಸರ್‌ನ ಮುಖಕ್ಕೇ ಬೆಂಕಿ ಹಾರಿತು. ಹುಬ್ಬು ಹೋಯಿತು, ಪುಣ್ಯಕ್ಕೆ ಕಣ್ಣು ಉಳಿಯಿತು. ನಾವು ಹಿಂದಿನಿಂದ ಅವರನ್ನು 'ಒಂಟಿಹುಬ್ಬು' ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಪ್ರತಿ ವರ್ಷ ಮೊದಲ ಪ್ರ್ಯಾಕ್ಟಿಕಲ್ ದಿನ ಅವರೇ ಹೇಳುತ್ತಿದ್ದರು: "ಒಂದು ಹುಬ್ಬು ಜಲಜನಕಕ್ಕೆ ಕೊಟ್ಟಾಯ್ತು. ಇನ್ನೊಂದು ನಿಮ್ಮ ಬ್ಯಾಚಿಗೆ ಅಂತ ಇಟ್ಟಿದ್ದೇನೆ. ನೋಡಿ ಕೆಲಸ ಮಾಡಿ."

ಬಲ್ಮಠದ ಗುಡ್ಡೆಯ ಮೇಲಿನ ಒಂದು ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಅಧ್ಯಾಪಕರು. ನಾನು ಅಲ್ಲೇ ಅವರ ಕೈಕೆಳಗೆ ಓದಿ, ಹೊರಗೆ ಹೋಗಿ ಎಂ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅಲ್ಲಿಗೇ ಡೆಮಾನ್‌ಸ್ಟ್ರೇಟರ್ ಆಗಿ ಮರಳಿದವಳು. ನಮ್ಮದು ಹೋಟೆಲಿನವರ ಮನೆ. ಒಂದು ಕಾಲಕ್ಕೆ ಗದ್ದೆ, ಗೇಣಿ ಅಂತ ಇದ್ದದ್ದೆಲ್ಲ ಹೋದ ಮೇಲೆ ಅಪ್ಪ ಪೇಟೆಯಲ್ಲಿ ಹೋಟೆಲ್ ಹಾಕಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದಿಷ್ಟೇ: "ಗ್ಲಾಸು ತೊಳಿಲಿಕ್ಕೆ ಎಂ.ಎಸ್ಸಿ. ಯಾಕೆ? ನಮ್ಮಲ್ಲೇ ಬೇಕಾದಷ್ಟು ಉಂಟಲ್ಲ ಮಾರಾಯ್ತಿ." ನನಗೆ ಸಿಟ್ಟು ಬಂದಿತ್ತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂದಿನ ಎಷ್ಟೋ ವರ್ಷ ನಾನು ಸರ್‌ನ ಹಿಂಬದಿಯ ಕೋಣೆಯಲ್ಲಿ ಗ್ಲಾಸನ್ನೇ ತೊಳೆದೆ.

ಆ ಕೋಣೆ ಮೊದಲು ಒಡೆದ ಬೆಂಚು, ಹಳೆಯ ಕಪ್ಪುಹಲಗೆ ತುಂಬಿಡುವ ಉಗ್ರಾಣವಾಗಿತ್ತು. ಸರ್ ಪ್ರಿನ್ಸಿಪಾಲರನ್ನು ಕಾಡಿ ಬೇಡಿ ಅದನ್ನು ಪಡೆದು, ತಾವೇ ಸುಣ್ಣ ಬಳಿದು ಪ್ರಯೋಗಶಾಲೆ ಮಾಡಿಕೊಂಡಿದ್ದರು. ನಲುವತ್ತು ದಾಟಿದ ಮೇಲೆ ಅವರಿಗೆ ಡಾಕ್ಟರೇಟ್ ಮಾಡುವ ಹುಚ್ಚು ಹಿಡಿದಿತ್ತು. ಹುಚ್ಚು ಎಂದದ್ದು ನಾನಲ್ಲ, ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. "ಇವರು ಹೊಗೆಯನ್ನು ಮದುವೆ ಆದವರು, ನಾನು ನಡುವೆ ಬಂದವಳು" ಎಂದು ನೀರುದೋಸೆ ಬಡಿಸುತ್ತ ನಗುತ್ತಿದ್ದರು. ಆಗ ಅಕ್ಕ ನಗುತ್ತಿದ್ದರು.

ಹೊಗೆ ಎಂದರೆ ಹಂಚಿನ ಕಾರ್ಖಾನೆಯ ಹೊಗೆ. ಸರ್‌ನ ಮನೆ ಬೋಳಾರದಲ್ಲಿ, ಹೊಳೆಯ ಹತ್ತಿರ. ಮನೆಯ ಜಗಲಿಯಲ್ಲಿ ಕೂತರೆ ಕಾರ್ಖಾನೆಯ ಚಿಮಣಿ ಎದುರಿಗೇ. ಅವರ ತಾಯಿ ಹಸಿ ಹಂಚನ್ನು ತಲೆಯ ಮೇಲೆ ಹೊತ್ತು ಒಲೆಯ ಬಾಯಿಗೆ ಸಾಗಿಸಿ, ಆ ಸಂಬಳದಲ್ಲಿ ಮಗನನ್ನು ಓದಿಸಿದವರು. ನಾವು ಕೆಲಸ ಮಾಡುತ್ತಿದ್ದ ಕಾಲಕ್ಕೆ ಊರಲ್ಲೆಲ್ಲ ಕಾಂಕ್ರೀಟಿನ ತಾರಸಿ ಏಳುತ್ತಿತ್ತು, ಹಂಚು ಕೇಳುವವರು ಕಡಿಮೆಯಾಗುತ್ತಿದ್ದರು. ಒಂದೊಂದೇ ಚಿಮಣಿ ಆರುತ್ತ ಬಂದಿತ್ತು. ಹಂಚು ಮಾರಿ ಬದುಕಲಾಗದಿದ್ದರೆ ಕಾರ್ಖಾನೆ ತನ್ನ ಹೊಗೆಯನ್ನೇ ಮಾರಿ ಬದುಕಬಹುದು ಎಂಬುದು ಸರ್‌ನ ಕನಸು. ಹೊಗೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಅದಕ್ಕೆ ಜಲಜನಕ ಸೇರಿಸಿ ಮೆಥನಾಲ್ ಮಾಡಿದರೆ ಅದರಿಂದ ಬಣ್ಣ, ಪ್ಲಾಸ್ಟಿಕ್, ಔಷಧ ಎಲ್ಲ ಆಗುತ್ತದೆ. ಹೊರದೇಶದಲ್ಲಿ ದೊಡ್ಡ ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ, ಭಾರೀ ಒತ್ತಡ ಕೊಟ್ಟು ಮಾಡುವ ಕೆಲಸ ಅದು. ಒತ್ತಡವಿಲ್ಲದೆ, ಗಾಜಿನ ಕೊಳವೆಯಲ್ಲಿ, ಬಲ್ಮಠದ ಗುಡ್ಡೆಯ ಮೇಲೆ ಮಾಡುತ್ತೇನೆ ಎಂದು ಇವರು ಹೊರಟದ್ದು.

ಆ ಎರಡು ಅನಿಲಗಳು ತಾವಾಗಿ ಸೇರುವುದಿಲ್ಲ. ನಡುವೆ ಒಂದು ವೇಗವರ್ಧಕ ಬೇಕು. "ಕ್ಯಾಟಲಿಸ್ಟ್ ಅಂದ್ರೆ ಸಂಬಂಧ ಕೂಡಿಸುವ ದಲ್ಲಾಳಿ" ಎಂದು ಸರ್ ಪಾಠ ಮಾಡುತ್ತಿದ್ದರು. "ಹುಡುಗನ ಕಡೆಯವನೂ ಅಲ್ಲ, ಹುಡುಗಿಯ ಕಡೆಯವನೂ ಅಲ್ಲ. ಮದುವೆ ಮಾಡಿಸಿ, ಊಟ ಮಾಡಿ, ಇನ್ನೊಂದು ಮನೆಗೆ ಹೋಗುದು." ನಮ್ಮ ದಲ್ಲಾಳಿ ಎಂದರೆ ತಾಮ್ರ ಮತ್ತು ಸತುವಿನ ಆಕ್ಸೈಡುಗಳ ಪುಡಿ. ಅದು ಎಷ್ಟು ನುಣುಪೋ ಅಷ್ಟು ಒಳ್ಳೆಯದು. ಈಗ ಅಂಥದ್ದಕ್ಕೆ ನ್ಯಾನೊ ಕಣ ಎಂದು ದೊಡ್ಡ ಹೆಸರುಂಟು. ಆಗ ನಾವು ಬರೀ ಪುಡಿ ಎನ್ನುತ್ತಿದ್ದೆವು. ನುಣುಪು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಸರ್, "ಇಡೀ ತೆಂಗಿನಕಾಯಿ ಸಾರಿಗೆ ಹಾಕಿದ್ರೆ ರುಚಿ ಬರ್ತದಾ? ತುರಿಬೇಕು, ಅರಿಬೇಕು. ಕಾಯಿ ಅದೇ, ಮೈ ಜಾಸ್ತಿ ಆಗ್ತದೆ" ಎನ್ನುತ್ತಿದ್ದರು. ನಾವಿಬ್ಬರೂ ಮನೆಭಾಷೆಯಾಗಿ ತುಳು ಮಾತಾಡುವವರೇ. ಆದರೆ ಕೋಣೆಯೊಳಗೆ ಕಾಲಿಟ್ಟರೆ ಅವರು ಕನ್ನಡಕ್ಕೆ ಬರುತ್ತಿದ್ದರು. ಪಾಠಕ್ಕೂ ಬೈಗುಳಕ್ಕೂ ಅವರಿಗೆ ಕನ್ನಡವೇ ಬೇಕಿತ್ತು.

ಇಂಗಾಲದ ಅನಿಲಕ್ಕೆ ಅಮೃತಶಿಲೆಯ ಚೂರು ಬೇಕೆಂದು ಪುಸ್ತಕದಲ್ಲಿತ್ತು. ಸರ್ ಅದರ ಬದಲು ಮರುವಾಯಿ ಎಂಬ ಕಪ್ಪೆಚಿಪ್ಪು ತರುತ್ತಿದ್ದರು. ಹೊಳೆಯ ಮರುವಾಯಿ ಮಾರಲು ಬರುವ ಹೆಂಗಸು ಅಕ್ಕನಿಗೆ ಮಾಂಸವನ್ನೂ ಸರ್‌ಗೆ ಬುಟ್ಟಿಗಟ್ಟಲೆ ಚಿಪ್ಪನ್ನೂ ಕೊಟ್ಟು ಹೋಗುತ್ತಿದ್ದಳು. ಅದರ ಮೇಲೆ ಆಸಿಡ್ ಸುರಿದರೆ ಅನಿಲ ಬುಸುಬುಸು ಏಳುತ್ತಿತ್ತು. ತಣ್ಣಗೆ ಮಾಡಲು ಮಂಜುಗಡ್ಡೆ ಮೀನಿನ ದೋಣಿ ನಿಲ್ಲುವ ಧಕ್ಕೆಯಿಂದ, ಬಂಗುಡೆ ಮೀನಿನ ವಾಸನೆ ಸಹಿತ ಬರುತ್ತಿತ್ತು. ಬಿಸಿ ಮಾಡಿದ ಪುಡಿಯ ಮೇಲೆ ಎರಡೂ ಅನಿಲ ಹಾಯಿಸಿ, ಆಚೆ ತುದಿಯಲ್ಲಿ ಮಂಜಿನೊಳಗೆ ಇಟ್ಟ ನಳಿಕೆಯಲ್ಲಿ ಬಂದದ್ದನ್ನು ಹಿಡಿಯುವುದು. ಅದಕ್ಕೆ ಒಂದೆರಡು ರಾಸಾಯನಿಕ ಹಾಕಿ, ಗಟ್ಟಿ ಆಸಿಡ್ ಸುರಿದು ಕಾಯಿಸಿದಾಗ ನೇರಳೆ ಬಣ್ಣ ಬಂದರೆ ಮೆಥನಾಲ್ ಉಂಟು ಎಂದು ಅರ್ಥ. ಬಣ್ಣ ಬರದಿದ್ದರೆ ಇಲ್ಲ. ವರ್ಷವಿಡೀ ನಮ್ಮ ಜೀವನ ನಿಂತಿದ್ದದ್ದು ಆ ಒಂದು ಬಣ್ಣದ ಮೇಲೆ.

ಮೊದಲ ಬೇಸಿಗೆ ಪೂರ್ತಿ ನೇರಳೆ ಬರಲಿಲ್ಲ. ಏಪ್ರಿಲಿನ ಸೆಖೆಯಲ್ಲಿ ಬೆವರು ಸುರಿಸಿ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು. ಸರ್ ಆಗಲೇ ಬ್ಲಾಂಕ್ ಕೂಡ ಮಾಡಿಸಿದ್ದರು. ಇಂಗಾಲದ ಅನಿಲವನ್ನು ಹಾಯಿಸದೆ, ಉಳಿದದ್ದನ್ನೆಲ್ಲ ಹಾಗೆಯೇ ಮಾಡಿ ನೋಡುವುದಕ್ಕೆ ನಾವು ಬ್ಲಾಂಕ್ ಎನ್ನುತ್ತೇವೆ. ಅನಿಲ ಇಲ್ಲದೆಯೂ ಬಣ್ಣ ಬಂದರೆ ಆ ಬಣ್ಣ ಸುಳ್ಳು. ವಿದ್ಯಾರ್ಥಿಗಳು ಎಷ್ಟು ಚೆಂದದ ಉತ್ತರ ತಂದರೂ "ಬ್ಲಾಂಕ್ ಎಲ್ಲಿ?" ಎಂದು ಕೇಳಿ ವಾಪಸ್ ಕಳಿಸುವ ಮನುಷ್ಯ ಅವರು. ಬ್ಲಾಂಕಿನಲ್ಲೂ ಬಣ್ಣ ಇರಲಿಲ್ಲ, ಅನಿಲ ಹಾಯಿಸಿದಾಗಲೂ ಇರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ನಮ್ಮ ಊರಿನ ಮಳೆಗಾಲ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಚಪ್ಪಲಿಗೆ ಬೂಸಲು, ಪುಸ್ತಕಕ್ಕೆ ಬೂಸಲು, ಉಪ್ಪು ಕರಗಿ ನೀರು. ನಮ್ಮ ಪುಡಿ ಗಂಟುಕಟ್ಟತೊಡಗಿತು. ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಸರ್‌ಗೆ ತಾಯಿಯ ಅಡುಗೆಮನೆ ನೆನಪಾಯಿತು. ಮಳೆಗಾಲದಲ್ಲಿ ಉಪ್ಪು, ಹಪ್ಪಳ, ಬೆಂಕಿಪೊಟ್ಟಣ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡುವುದು ನಮ್ಮಲ್ಲಿ ಎಲ್ಲ ಮನೆಯ ರೂಢಿ. ಅವರು ಬಿಸ್ಕಿಟಿನ ತಗಡಿನ ಡಬ್ಬಿಯೊಂದನ್ನು ತಂದು, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮುಕ್ಕಾಲಿಯ ಮೇಲೆ ಇಟ್ಟು, ಕೆಳಗೆ ಸಣ್ಣ ಸ್ಪಿರಿಟ್ ದೀಪ ಹಚ್ಚಿದರು. ಪುಡಿ ಒಳಗೆ ಬೆಚ್ಚಗೆ, ಬಿಡಿಬಿಡಿಯಾಗಿ ಉಳಿಯಿತು. ಸಂಜೆ ಹೊರಡುವಾಗ ದೀಪ ಆರಿಸಿ ಹೋಗುವುದು, ಬೆಳಿಗ್ಗೆ ಬಂದು ಹಚ್ಚುವುದು. "ಅಮ್ಮನ ಅಟ್ಟ" ಎಂದು ಅದಕ್ಕೆ ಹೆಸರಿಟ್ಟರು.

ಜುಲೈಯಲ್ಲಿ ಒಂದು ದಿನ ನೇರಳೆ ಬಂತು.

ಸರ್ ಆ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತದ್ದು ನನಗೆ ಈಗಲೂ ಕಾಣುತ್ತದೆ. ಹೊರಗೆ ಮಳೆ ಸುರಿಯುತ್ತಿತ್ತು. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಅಪ್ಪಾ ದೇವರೇ, ಬಂತಲ್ಲ" ಎಂದರು. ಮರುದಿನವೂ ಬಂತು. ಆ ಮಳೆಗಾಲ ಪೂರ್ತಿ ಬಂತು. ನವೆಂಬರಿನಲ್ಲಿ ಬಿಸಿಲು ಕಂಡು, ಪುಡಿಯನ್ನು ಹೊರಗೆ ಒಣಗಿಸತೊಡಗಿದ ಮೇಲೆ ನಿಂತುಹೋಯಿತು. ಮುಂದಿನ ಜೂನಿನಲ್ಲಿ ಪುನಃ ಬಂತು. ಬೇರೆ ಯಾರಾದರೂ ಆಗಿದ್ದರೆ ಆಗಲೇ ಸಂಶಯ ಬರುತ್ತಿತ್ತೋ ಏನೋ. ನಮಗೆ ಬಂದದ್ದು ಹೆಮ್ಮೆ! ಗಾಳಿಯ ತೇವಾಂಶ ಪುಡಿಯ ಮೈಮೇಲೆ ಕೂತು ಕೆಲಸ ಸುಲಭ ಮಾಡುತ್ತದೆ ಎಂದು ಸರ್ ಒಂದು ಸಿದ್ಧಾಂತ ಕಟ್ಟಿದರು. ಕೇಳಿದರೆ ಯಾರಾದರೂ ತಲೆದೂಗುವಂಥ ಸಿದ್ಧಾಂತ. ನಮ್ಮ ಊರಿನ ಹಾಳು ಮಳೆಗಾಲ ಕೊನೆಗೂ ಏನಕ್ಕಾದರೂ ಉಪಯೋಗಕ್ಕೆ ಬಂತಲ್ಲ ಎಂದು ನಾನು ಕುಣಿದೆ.

ಒಂದು ಪತ್ರಿಕೆಯಲ್ಲಿ ನಮ್ಮ ಲೇಖನ ಅಚ್ಚಾಯಿತು. ಅವರ ಹೆಸರು, ಕೆಳಗೆ ನನ್ನ ಹೆಸರು. ಅದರ ಬಲದಿಂದಲೇ ಹೊರಊರಿನ ಒಂದು ಸಂಸ್ಥೆಯಲ್ಲಿ ನನಗೆ ಸಂಶೋಧನೆಯ ಫೆಲೋಶಿಪ್ ಸಿಗುವ ಮಾತಾಯಿತು. ಊರಿನ ದಿನಪತ್ರಿಕೆಯವರು 'ಹೊಗೆಯಿಂದ ಸ್ಪಿರಿಟ್' ಎಂದು ಬರೆದರು. ಬೋಳಾರದಲ್ಲಿ ಕಾರ್ಖಾನೆಯ ಕೆಲಸದವರು ಸರ್‌ನ ಮನೆಯ ಗೇಟಿನಲ್ಲಿ ನಿಂತು, "ನಮ್ಮ ಚಿಮಣಿಗೆ ಯಾವಾಗ ಪೈಪು ಹಾಕ್ತೀರಿ ಸರ್?" ಎಂದು ಕೇಳತೊಡಗಿದರು. ಅರ್ಧ ತಮಾಷೆ, ಅರ್ಧ ಆಸೆ. ಸರ್ ಎಲ್ಲರಿಗೂ, "ಸ್ವಲ್ಪ ಟೈಮ್ ಕೊಡಿ ಮಾರಾಯ್ರೆ, ಆಗ್ತದೆ" ಎಂದು ಹೇಳುತ್ತಿದ್ದರು. ಅವರ ತಾಯಿ ಆಗ ಇರಲಿಲ್ಲ. ಇದ್ದಿದ್ದರೆ ಎಂದು ಅಕ್ಕನ ಹತ್ತಿರ ಒಂದೆರಡು ಸಲ ಹೇಳಿದ್ದರಂತೆ.

ಮಹಾಪ್ರಬಂಧ ಬರೆದು, ಟೈಪು ಮಾಡಿಸಿ, ಬೈಂಡಿಗೆ ಕೊಡುವ ಹೊತ್ತಿಗೆ ಉತ್ತರದ ಕಡೆಯ ಒಂದು ದೊಡ್ಡ ಪ್ರಯೋಗಶಾಲೆಯವರು, ನೀವು ಹೇಳಿದಂತೆಯೇ ಮಾಡಿದೆವು, ನಮಗೆ ಏನೂ ಬರಲಿಲ್ಲ ಎಂದು ತಿಳಿಸಿದರು. ಸರ್‌ಗೆ ನಗು. "ಅಲ್ಲಿ ಎಂತ ಗಾಳಿ ಉಂಟು? ಬರೀ ಧೂಳು. ಜುಲೈಯಲ್ಲಿ ಇಲ್ಲಿಗೆ ಬನ್ನಿ ಅಂತ ಹೇಳುವ." ಹಾಗೆಯೇ ಉತ್ತರ ಕೊಟ್ಟರು. ಬಂದವರ ಎದುರು ಮಾಡಿ ತೋರಿಸಲು ಎಲ್ಲವನ್ನೂ ಪುನಃ ಸಜ್ಜು ಮಾಡತೊಡಗಿದೆವು.

ಆ ವರ್ಷ ಮಳೆ ಎಷ್ಟು ಜೋರಿತ್ತೆಂದರೆ ಹೊಳೆ ಕೆಂಪಾಗಿ ಉಕ್ಕಿ, ಮರುವಾಯಿ ಹೆಕ್ಕುವವರು ನೀರಿಗೆ ಇಳಿಯಲಿಲ್ಲ. ನಮ್ಮ ಚಿಪ್ಪಿನ ದಾಸ್ತಾನು ಖಾಲಿಯಾಯಿತು. ಚಿಪ್ಪಿಲ್ಲದೆ ಇಂಗಾಲದ ಅನಿಲ ಇಲ್ಲ. ನಾನು ಕೈಕಟ್ಟಿ ಕೂತದ್ದನ್ನು ನೋಡಿ ಸರ್, "ಸುಮ್ಮನೆ ಯಾಕೆ ಕೂತದ್ದು? ಬ್ಲಾಂಕ್ ಒಂದು ಮಾಡಿಡುವ. ಮೊದಲು ಮಾಡಿದ್ದು ಬೇಸಿಗೆಯದ್ದು. ಬಂದವರು ಕೇಳಿದ್ರೆ ಮಳೆಗಾಲದ್ದೂ ಇರ್ಲಿ" ಎಂದರು. ಹೌದಲ್ಲ ಎಂದು ನಾನೂ ಎದ್ದೆ. ಇಂಗಾಲದ ಅನಿಲ ಇಲ್ಲ, ಬರೀ ಜಲಜನಕ. ಉಳಿದದ್ದೆಲ್ಲ ಯಾವಾಗಿನ ಹಾಗೆ. ಡಬ್ಬಿಯಿಂದ ಪುಡಿ ತೆಗೆದು ಕೊಳವೆಗೆ ತುಂಬಿದೆ, ಬಿಸಿ ಮಾಡಿದೆ, ಮಂಜಿನ ನಳಿಕೆಯಲ್ಲಿ ಬಂದದ್ದನ್ನು ಪರೀಕ್ಷೆಗೆ ಹಾಕಿದೆ.

ಅಭ್ಯಾಸಬಲ ಎನ್ನುವುದು ಎಷ್ಟು ಕೆಟ್ಟದು ನೋಡಿ. ಬಣ್ಣ ಏರುತ್ತಿದ್ದಂತೆ ನಾನು ಸಂತೋಷದಿಂದಲೇ ಕೂಗಿದೆ: "ಬಂತು ಸರ್!"

ಸರ್ ಬೆಂಚಿನ ಆಚೆ ಬದಿಯಿಂದ ನಿಧಾನವಾಗಿ ನನ್ನ ಕಡೆ ತಿರುಗಿದರು. "ಎಂತ ಬಂತು?"

ನನಗೆ ಆಗ ತಲೆಗೆ ಹೋಯಿತು. ಕೈಯಲ್ಲಿದ್ದ ನಳಿಕೆಯಲ್ಲಿ ಚೆಂದದ, ಗಾಢವಾದ ನೇರಳೆ. ಎಂದಿನದೇ ನೇರಳೆ. ಇಂಗಾಲದ ಅನಿಲವನ್ನೇ ಹಾಯಿಸದೆ ಬಂದದ್ದು.

"ಎಲ್ಲಿಂದ ಬಂತು?" ಎಂದರು ಸರ್. ನನ್ನನ್ನು ಕೇಳಿದ್ದಲ್ಲ. ಹತ್ತಿರ ಬಂದು ನಳಿಕೆ ತೆಗೆದುಕೊಂಡರು, ಕಿಟಕಿಗೆ ಹಿಡಿದರು, ಕೆಳಗಿಟ್ಟರು, ಪುನಃ ಹಿಡಿದರು.

ಮುಂದಿನ ದಿನಗಳಲ್ಲಿ ಆ ಕೋಣೆಯಲ್ಲಿ ನಾವು ಜಾಲಾಡಿಸದ ಮೂಲೆ ಇಲ್ಲ. ರಬ್ಬರ್ ಕೊಳವೆ ಹೊಸದು ಹಾಕಿದೆವು, ನೀರು ಬದಲಿಸಿದೆವು, ಧಕ್ಕೆಯ ಮಂಜು ಬಿಟ್ಟು ಹೋಟೆಲಿನ ಮಂಜು ತಂದೆವು. ಏನು ಬದಲಿಸಿದರೂ ನೇರಳೆ ಬರುತ್ತಲೇ ಇತ್ತು. ಇಷ್ಟು ವರ್ಷ ಅದು ಬರಲಿ ಎಂದು ದೇವರಿಗೆ ಕೈಮುಗಿದವಳು ನಾನು, ಆಗ ಬರದಿರಲಿ ಎಂದು ಕೈಮುಗಿದೆ. ಕೊನೆಗೆ ಒಂದು ಬೆಳಿಗ್ಗೆ ನಾನು ಕೋಣೆಗೆ ಹೋಗುವಾಗ ಸರ್ ತಗಡಿನ ಡಬ್ಬಿಯ ಮುಚ್ಚಳ ತೆಗೆದು, ಕನ್ನಡಕ ಹಣೆಗೆ ಏರಿಸಿ, ಮೂಗನ್ನು ಒಳಗೇ ಹಾಕಿ ನಿಂತಿದ್ದರು. ನನ್ನನ್ನು ಕಂಡು ಡಬ್ಬಿಯನ್ನು ಮುಂದೆ ಹಿಡಿದರು.

"ಮೂಸಿ ನೋಡು."

ಮೂಸಿದೆ. ತುಂಬ ಸಣ್ಣಕೆ, ಉಂಟೋ ಇಲ್ಲವೋ ಎಂಬಷ್ಟು, ಸ್ಪಿರಿಟಿನ ವಾಸನೆ.

ದೀಪಕ್ಕೆ ಹಾಕುವ ಸ್ಪಿರಿಟನ್ನು ಯಾರೂ ಕುಡಿಯದಿರಲಿ ಎಂದು ಅದಕ್ಕೆ ಮೆಥನಾಲನ್ನೇ ಬೆರೆಸಿರುತ್ತಾರೆ. ನಾವಿಬ್ಬರೂ ತರಗತಿಯಲ್ಲಿ ಹೇಳಿಕೊಡುವ ವಿಷಯ ಅದು! ಸಂಜೆ ದೀಪ ಆರಿಸಿದ ಮೇಲೆ ಬಿಸಿ ಬತ್ತಿಯಿಂದ ಏಳುವ ಆವಿ ತೂತುಗಳ ಮೂಲಕ ಮೇಲೆ ಹೋಗಿ ಪುಡಿಗೆ ಹಿಡಿಯುತ್ತಿತ್ತು. ಒಣಮೀನಿನ ಪಕ್ಕ ಇಟ್ಟ ಅಕ್ಕಿಗೆ ವಾಸನೆ ಹಿಡಿದಂತೆ. ನುಣುಪು ಪುಡಿಯಲ್ಲವೇ, ಕುಡಿಯುವ ಮೈ ಬೇಕಾದಷ್ಟಿತ್ತು. ಮರುದಿನ ಕೊಳವೆಯಲ್ಲಿ ಬಿಸಿ ಮಾಡಿದಾಗ ಕುಡಿದದ್ದನ್ನು ಬಿಡುತ್ತಿತ್ತು. ಬೇಸಿಗೆಯಲ್ಲಿ ಡಬ್ಬಿ ಬೇಡ, ದೀಪ ಬೇಡ, ಆದ್ದರಿಂದ ನೇರಳೆಯೂ ಇಲ್ಲ. ದೀಪವನ್ನು ನಾವು ದೀಪ ಎಂದೇ ತಿಳಿದಿದ್ದೆವು, ಒಲೆಯ ಬೆಂಕಿಯಂಥದ್ದು. ಅದೂ ಒಂದು ರಾಸಾಯನಿಕ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಡಬ್ಬಿಯಲ್ಲಿಡದ ಪುಡಿಯನ್ನು ಕೊಳವೆಗೆ ಹಾಕಿ ನೋಡಿದೆವು. ಬಣ್ಣ ಬರಲಿಲ್ಲ. ಡಬ್ಬಿಯಲ್ಲಿಟ್ಟದ್ದನ್ನು ಹಾಕಿದೆವು, ಬಂತು. ಅಲ್ಲಿಗೆ ಮುಗಿಯಿತು.

"ಏಪ್ರಿಲಿನ ಬ್ಲಾಂಕನ್ನು ಜುಲೈಗೆ ತಂದು ಕಟ್ಟಿದೆ" ಎಂದರು ಸರ್. "ಮಕ್ಕಳು ಮಾಡಿದ್ರೆ ಸೊನ್ನೆ ಹಾಕ್ತಿದ್ದೆ."

ಅವರು ಮೊದಲು ಹೋದದ್ದು ತಮ್ಮ ಗೈಡ್ ಆಗಿದ್ದ ಪ್ರೊಫೆಸರರ ಮನೆಗೆ. ನನ್ನನ್ನೂ ಕರೆದುಕೊಂಡು ಹೋದರು. ಪ್ರೊಫೆಸರರು ಕೆಟ್ಟವರಲ್ಲ. ಚಹಾ ತರಿಸಿ, ಎಲ್ಲವನ್ನೂ ಕೇಳಿ, ಬಾಗಿಲು ಮುಚ್ಚಿ ಬಂದು ಕೂತು, "ಯಾರಿಗೆ ಗೊತ್ತಾಗ್ತದೆ?" ಎಂದರು. "ಅವರಿಗೆ ಬರ್ಲಿಲ್ಲ, ನಿಮಗೆ ಬಂತು. ಹವೆಯ ವ್ಯತ್ಯಾಸ ಅಂತ ಒಂದು ಸಾಲು ಹಾಕಿ. ಡಾಕ್ಟರೇಟ್ ಒಂದು ಆಗ್ಲಿ, ಮತ್ತೆ ನೋಡುವ. ಇನ್ನು ನಿಮಗೆ ಪ್ರಾಯ ಎಷ್ಟು ಉಳಿದುಂಟು?"

ಸರ್ ಚಹಾ ಮುಟ್ಟಿರಲಿಲ್ಲ. "ಉಂಟು ಅಂತ ಹೇಳಿದ್ದು ನಾವು ಸರ್. ಇಲ್ಲ ಅಂತ ಹೇಳ್ಲಿಕ್ಕೆ ಬೇರೆಯವರು ಬರ್ಬೇಕಾ?"

ಮಹಾಪ್ರಬಂಧವನ್ನು ಸಲ್ಲಿಸಲಿಲ್ಲ. ಲೇಖನ ತಪ್ಪು, ಅದನ್ನು ಹಿಂದಕ್ಕೆ ಪಡೆಯುತ್ತೇವೆ, ಕಾರಣ ಇದು ಎಂದು ಪತ್ರಿಕೆಗೆ ಬರೆದು ಹಾಕಿದರು. ಹಾಕಿದ ಮೇಲೆ ನನಗೆ ಹೇಳಿದರು. ನನ್ನ ಮೈ ಉರಿದುಹೋಯಿತು. ಈಗಲೂ ಉರಿಯುತ್ತದೆ, ಯಾಕೆ ಸುಳ್ಳು ಹೇಳಲಿ.

"ಅದರಲ್ಲಿ ನನ್ನ ಹೆಸರೂ ಉಂಟಲ್ಲ ಸರ್? ನನ್ನತ್ರ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಎಂತ ಹೇಳ್ತಿದ್ದೆ?"

ನಾನು ತೊಳೆದಿಟ್ಟ ಗ್ಲಾಸನ್ನೇ ಪುನಃ ತೊಳೆಯತೊಡಗಿದೆ.

"ಅದಕ್ಕೇ ಕೇಳ್ಲಿಲ್ಲ" ಎಂದರು. ನನ್ನ ಫೆಲೋಶಿಪ್ಪಿನ ಮಾತು ಅಲ್ಲಿಗೇ ನಿಂತಿತು. ಅಪ್ಪ ಪುನಃ ಗ್ಲಾಸು ತೊಳೆಯುವ ಮಾತೆತ್ತಿದರು. ಈ ಸಲ ತಮಾಷೆಗಲ್ಲ.

ಸತ್ಯ ಹೇಳಿದವರನ್ನು ಲೋಕ ಮೆಚ್ಚುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಬರೆಯುತ್ತಾರಲ್ಲ, ಆ ಪುಸ್ತಕ ಬರೆದವರು ಒಮ್ಮೆ ನಮ್ಮ ಸ್ಟಾಫ್ ರೂಮಿಗೆ ಬರಬೇಕಿತ್ತು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ತಾವಾಗಿ ಒಪ್ಪಿಕೊಂಡರು ಎಂದು ಯಾರೂ ಹೇಳಲಿಲ್ಲ, ಸಿಕ್ಕಿಬಿದ್ದರು ಎಂದರು. "ತಾನೇ ಸ್ಪಿರಿಟ್ ಹಾಕಿ ತಾನೇ ತೆಗೆದದ್ದಂತೆ" ಎಂದು ಕಾರಿಡಾರಿನಲ್ಲಿ ಮಾತು. ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಇವತ್ತು ಎಷ್ಟು ಬಾಟ್ಲಿ ಆಯ್ತು?" ಎಂದು ಕೂಗಿದನಂತೆ. ಮೊದಲ ಸಲ ಸರ್ ನಕ್ಕರು. ಆಮೇಲೆ ಪಾಠ ಮಾಡುವಾಗ ತಲೆ ಎತ್ತುವುದನ್ನೇ ಬಿಟ್ಟರು. ಹುಬ್ಬಿನ ತಮಾಷೆಯನ್ನೂ ಹೇಳಲಿಲ್ಲ.

ಕೋಣೆ ಪುನಃ ಉಗ್ರಾಣವಾಯಿತು. ನಾನು ಜಗಳವಾಡಿ ಒಂದು ಮೂಲೆ ಉಳಿಸಿಕೊಂಡೆ. ಸರ್ ಮಾತ್ರ ಆ ಬಾಗಿಲಿನ ಎದುರು ಹಾದುಹೋಗುವುದು ಬೇಡವೆಂದು ಸುತ್ತಿ ಬಳಸಿ ತರಗತಿಗೆ ಹೋಗುತ್ತಿದ್ದರು. ಎಂಬತ್ತರ ದಶಕದ ನಡುವೆ ಬೋಳಾರದ ಆ ಕಾರ್ಖಾನೆಯೂ ಮುಚ್ಚಿತು. ಅದಕ್ಕೂ ನಮ್ಮ ನೇರಳೆ ಬಣ್ಣಕ್ಕೂ ಯಾವ ಸಂಬಂಧವೂ ಇರಲಿಲ್ಲ; ಕೊಳ್ಳುವವರಿಲ್ಲದೆ ಮುಚ್ಚಿತು. ಕೆಲಸದವರಲ್ಲಿ ಹುಡುಗರು ಗಲ್ಫಿಗೆ ಹೋದರು, ಹೆಂಗಸರು ಬೀಡಿ ಕಟ್ಟಿದರು. ಸರ್‌ಗೆ ಇದನ್ನು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ಹೊಗೆಯಿಲ್ಲದ ಚಿಮಣಿ ನೋಡುತ್ತ, "ಆಗ್ತದೆ ಅಂತ ಹೇಳಿದ್ದೆ ಅವರಿಗೆ. ಗೇಟಿನತ್ರ ನಿಂತು ಹೇಳಿದ್ದೆ" ಎನ್ನುತ್ತಿದ್ದರು. ಅಕ್ಕ ಒಳಗಿನಿಂದ, "ಸಾಕು, ಇನ್ನು ಊಟಕ್ಕೆ ಬನ್ನಿ" ಎಂದು ಕರೆಯುತ್ತಿದ್ದರು. ಒಮ್ಮೊಮ್ಮೆ ಅವರು ಏಳುತ್ತಿರಲಿಲ್ಲ.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಪುಡಿ ಸುಳ್ಳು ಹೇಳಿತು ಸರಿ, ಪೂರ್ತಿ ಸುಳ್ಳೇ ಹೇಳಿತೇ? ಆ ನೇರಳೆಯಲ್ಲಿ ದೀಪದ ಪಾಲು ಕಳೆದು, ಇಂಗಾಲದ ಅನಿಲದಿಂದ ಬಂದದ್ದು ಒಂದು ಚೂರಾದರೂ ಇದ್ದಿರಬಹುದಲ್ಲ? ಇದ್ದರೆ ಸರ್‌ನ ಜೀವಮಾನದ ಕೆಲಸ ಹಾಳಾಗಿರಲಿಲ್ಲ. ನನ್ನದೂ. ಮಳೆ ಹೋದ ಮೇಲೆ ಪ್ರತಿ ವರ್ಷ, ಬಿಸಿಲಲ್ಲಿ ಒಣಗಿದ ಪುಡಿಯಿಂದ, ಸ್ಪಿರಿಟ್ ದೀಪವನ್ನು ಕೋಣೆಯ ಒಳಗೇ ತರದೆ, ಒಮ್ಮೆ ಅನಿಲ ಹಾಯಿಸಿ ಒಮ್ಮೆ ಹಾಯಿಸದೆ, ನಾನೊಬ್ಬಳೇ ಮಾಡಿ ನೋಡಿದೆ. ಪುಡಿಯನ್ನು ಇನ್ನೂ ನುಣುಪು ಮಾಡಿದೆ. ಬಿಸಿ ಹೆಚ್ಚಿಸಿದೆ, ಇಳಿಸಿದೆ. ಸರ್‌ಗೆ ಹೇಳಲಿಲ್ಲ. ಏನಾದರೂ ಬಂದರೆ ಓಡಿಹೋಗಿ ಹೇಳೋಣ ಎಂದಿದ್ದೆ. ಎಲ್ಲ ನಳಿಕೆಗಳೂ ಬಾವಿನೀರಿನ ಹಾಗೆ ತಿಳಿಯಾಗಿಯೇ ನಿಂತವು.

ನಿವೃತ್ತಿಯ ಮೊದಲೇ ಅವರ ಮೂತ್ರಪಿಂಡ ಕೈಕೊಟ್ಟಿತು. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಬೋಳಾರದ ಮನೆಯಲ್ಲೇ ಮಲಗಿದ್ದರು. ಮುಖ, ಕಾಲು ಎಲ್ಲ ಊದಿತ್ತು. ಡಿಸೆಂಬರಿನ ಒಂದು ಮಧ್ಯಾಹ್ನ ನಾನು ಹೋದಾಗ ಎಚ್ಚರವಾಗಿದ್ದರು. ಅಕ್ಕ ಅವರ ತಲೆಯ ಹಿಂದೆ, ಮಂಚದ ಸರಳು ಹಿಡಿದು ನಿಂತಿದ್ದರು.

"ನೀನು ಪುನಃ ಮಾಡಿದ್ಯಂತೆ" ಎಂದರು ಸರ್.

ಯಾರು ಹೇಳಿದರೋ. ಕಾಲೇಜಿನ ಅಟೆಂಡರನೇ ಇರಬೇಕು. "ಹೌದು ಸರ್" ಎಂದೆ.

ಉಸಿರು ಎಳೆದುಕೊಳ್ಳಲು ಅವರಿಗೆ ಹೊತ್ತು ಹಿಡಿಯಿತು. "ಸ್ವಲ್ಪ ಆದ್ರೂ ಬಂತಾ?"

ಅಕ್ಕ ನನ್ನನ್ನು ನೋಡಿದರು. ಸರ್‌ಗೆ ಕಾಣದಂತೆ ಹಿಂದಿನಿಂದ ತಲೆ ಅಲ್ಲಾಡಿಸಿದರು. ಹೌದು ಎನ್ನು, ಹೌದು ಎನ್ನು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಸುಳ್ಳು ಹೇಳುವುದು ನನಗೆ ಕಷ್ಟವೇನಲ್ಲ. ಹೋಟೆಲಿನವರ ಮಗಳು ನಾನು, ನಿನ್ನೆಯ ಸಾಂಬಾರನ್ನು 'ಈಗ ಇಳಿಸಿದ್ದು' ಎನ್ನುವುದನ್ನು ಕೇಳಿಯೇ ಬೆಳೆದವಳು. ಬಂತು ಸರ್ ಎನ್ನಲು ಬಾಯಿಯನ್ನೂ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಸರ್" ಎಂದೆ. "ಬರ್ಲಿಲ್ಲ."

"ಒಂದು ಚೂರೂ?"

"ಒಂದು ಚೂರೂ ಇಲ್ಲ ಸರ್."

ಅವರು ಮೇಲೆ ಹಂಚಿನ ಮಾಡನ್ನು ನೋಡಿದರು. "ಹಾಗಾದ್ರೆ ನಾವು ವಾಪಸ್ ತೆಗೊಂಡದ್ದು ಸರಿ" ಎಂದರು. ಅದು ಸಮಾಧಾನದ ಮಾತು ಎಂದು ನಾನು ತಿಳಿಯುವಷ್ಟರಲ್ಲಿ ಗೋಡೆಯ ಕಡೆ ಮುಖ ತಿರುಗಿಸಿ ಅಳತೊಡಗಿದರು. ಸಣ್ಣ ಮಕ್ಕಳ ಹಾಗೆ, ಬಿಕ್ಕಿ ಬಿಕ್ಕಿ. ನಾನು ಕೈ ಹಿಡಿಯಲು ಹೋದೆ. ಕೈ ಎಳೆದುಕೊಂಡರು.

ಅಕ್ಕ ನನ್ನ ಹಿಂದೆಯೇ ಮೆಟ್ಟಿಲಿನವರೆಗೆ ಬಂದರು. "ಒಂದು ಸಲ ಉಂಟು ಅಂತ ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?" ಎಂದರು. ಒಳಗಿನಿಂದ ಅಳುವುದು ಕೇಳುತ್ತಲೇ ಇತ್ತು.

ಆ ವಾರದಲ್ಲೇ ಸರ್ ಹೋದರು. ಅಕ್ಕ ನನ್ನೊಡನೆ ಪುನಃ ಮಾತಾಡಲಿಲ್ಲ. ನಾನೂ ಅವರ ಎದುರು ಹೋಗುವ ಧೈರ್ಯ ಮಾಡಲಿಲ್ಲ. ಆಮೇಲೆ ನಾನು ಎಷ್ಟೋ ವರ್ಷ ಪಾಠ ಮಾಡಿದೆ, ಈಗ ಶಕ್ತಿನಗರದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅವರಿಂದ ನಾನು ಕಲಿತದ್ದು ಒಂದೇ, ಇಲ್ಲದ್ದನ್ನು ಇಲ್ಲ ಎನ್ನುವುದು. ಕಲಿತ ಪಾಠವನ್ನು ಎಂದಾದರೂ ಗುರುಗಳಿಗೆ ಒಪ್ಪಿಸಬೇಕಾಗುತ್ತದೆ ಎಂದು ಗೊತ್ತಿತ್ತು. ಅದು ಆ ದಿನ, ಆ ಮಂಚದ ಹತ್ತಿರ ಎಂದು ಗೊತ್ತಿದ್ದರೆ ನಾನು ಕಲಿಯುತ್ತಿರಲಿಲ್ಲ.